ಜರಡಿಯಕ್ಕನ ಮುಂದೆ ತಮ್ಮನ ಕಟ್ಟು

ಕಣ್ಣಿಗೆ ಮಣ್ಣೆರಚುವ ಜಾದೂ ಸಾಮಾನು ಮಾರುವ ಅಂಗಡಿ ಅದು. ಅಲ್ಲಿ ಯಾರು ಎಷ್ಟೇ ಎರಚಿದರೂ ಒಂದು ಕಣ ಮಣ್ಣನ್ನೂ ಕಣ್ಣಿಗೆ ಬೀಳಿಸಿಕೊಳ್ಳದ ಹೆಂಗಸು ಒಬ್ಬಳೇ ಒಬ್ಬಳು. ಒಳಕೋಣೆಯಲ್ಲಿ ಹೊಲಿಗೆ ಮಿಷಿನ್ನಿನ ಮುಂದೆ ಕೂರುವ ಜರಡಿಯಕ್ಕ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು ಅನ್ನಿ. ಈಗ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಾಳೋ ಇಲ್ಲವೋ. ಅಂಗಡಿಗೆ ಬಂದ ಹೊಸತರಲ್ಲಿ ಅವಳ ಕೆಲಸ ಬರೀ ಹೊಲಿಗೆ. ಜಾದೂಗಾರರ ಕೋಟಿನೊಳಗೆ ಗುಟ್ಟಿನ ಜೇಬು ಹೊಲಿಯಬೇಕು. ಒಳಗೆ ಪಾರಿವಾಳವೇ ಕೂತಿದ್ದರೂ ಹೊರಗೆ ಉಬ್ಬು ಕಾಣಬಾರದು. ಕೈ ಹಾಕಿದರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಗಬೇಕು, ತೆಗೆದರೆ ಅಸ್ತರು ಜೊತೆಗೇ ಹೊರಬರಬಾರದು. ಇದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಂದು ಮಧ್ಯಾಹ್ನ ಮುಂದಿನ ಗಾಜಿನ ಮೇಜಿನ ಹತ್ತಿರ ದೊಡ್ಡ ಹೆಸರಿನ ಜಾದೂಗಾರನೊಬ್ಬ ಹೊಸ ಇಸ್ಪೀಟು ಕಟ್ಟಿನ ಆಟ ತೋರಿಸುತ್ತಿದ್ದ. ಅಂಗಡಿಯ ಯಜಮಾನರು, ಗಿರಾಕಿಗಳು, ಎದುರು ಸಾಲಿನ ಬೀಗ ರಿಪೇರಿಯವನು, ಎಲ್ಲರೂ ಅವನ ಬೆರಳುಗಳನ್ನೇ ನುಂಗುವ ಹಾಗೆ ನೋಡುತ್ತಿದ್ದರು. ಇವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ಟೇಪು ಹುಡುಕಲು ಹೊರಗೆ ಬಂದವಳು, ಹಾಗೇ ಒಂದು ಕ್ಷಣ ನಿಂತಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಬಲು ವಿನಯದಿಂದ ಹೇಳಿದಳು: "ಸಾರ್, ನಿಮ್ ಕೋಟಿನ ಎಡಗಡೆ ಮೊಣಕೈ ಹತ್ರ ಬಟ್ಟೆ ಎಳೀತಾ ಇದೆ. ಎಲೆ ಒಳಗೆ ಹೋದಾಗಲೆಲ್ಲ ಎಳೀತಿದೆ. ಒಂಚೂರು ಬಿಚ್ಚಿ ಸಡಿಲ ಮಾಡಿ ಕೊಡ್ಲಾ?"

ಪಾಪ, ಅವಳು ಹೊಲಿಗೆಯ ತಪ್ಪು ಹೇಳಿದ್ದಳು ಅಷ್ಟೇ. ಆ ಮನುಷ್ಯ ಮಾತ್ರ ತರಿಸಿಟ್ಟ ಚಹಾ ಕುಡಿಯದೆ ಎದ್ದು ಹೋದ.

ಯಜಮಾನರು ಅವತ್ತು ಅವಳನ್ನು ಮೇಲಿಂದ ಕೆಳಗಿನವರೆಗೆ ಹೊಸದಾಗಿ ನೋಡಿದರು. ಊರಿನ ಕಣ್ಣೆಲ್ಲ ಜಾದೂಗಾರ ತೋರಿಸಿದ ಕಡೆ ಓಡಿದರೆ ಇವಳ ಕಣ್ಣು ಓಡುವುದು ತೋಳಿನ ಮಡಿಕೆಗೆ. ಕೈ ಸುಳ್ಳು ಹೇಳಬಹುದು, ಬಟ್ಟೆ ಹೇಳುವುದಿಲ್ಲ. ಅಂಗೈಯೊಳಗೆ ಎಲೆ ಅಡಗಿದರೆ ಮೊಣಕೈ ಹತ್ತಿರ ಒಂದು ಸುಕ್ಕು ಹುಟ್ಟುತ್ತದೆ. ಎಲೆ ಬದಲಾದರೆ ಆ ಸುಕ್ಕು ಸಾಯುತ್ತದೆ. ಅಂದಿನಿಂದ ಅಂಗಡಿಯಲ್ಲಿ ಒಂದು ಪದ್ಧತಿ ಬಂತು. ಯಾರೇ ಹೊಸ ಕಟ್ಟು ತರಲಿ, ಮೊದಲು ಯಜಮಾನರು ಎಲೆಯ ದಪ್ಪ, ಜಾರು, ಅಂಚಿನ ಕತ್ತರಿಕೆ, ಬೆನ್ನಿನ ಚಿತ್ರ ಎಲ್ಲ ನೋಡುವುದು, ಕೊನೆಗೆ ಒಳಕೋಣೆಯ ಕಡೆ ತಿರುಗಿ, "ಜರಡಿ ಹಿಡಿಯಮ್ಮಾ!" ಅನ್ನುವುದು. ಅವಳು ಬಂದು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತರೆ ಪರೀಕ್ಷೆ. ಮೊದಲ ಸಲ ಬಾಯಿ ಮುಚ್ಚಿಕೊಂಡು ನೋಡಬೇಕು. ಎರಡನೇ ಸಲ ಎಲ್ಲಿ ಬೇಕಾದರೂ ತಡೆದು ಕೇಳಬಹುದು. ಮೂರನೇ ಸಲ ಕಟ್ಟನ್ನು ಕೈಯಲ್ಲಿ ಹಿಡಿದು ನೋಡಬಹುದು. ಅಲ್ಲಿಯವರೆಗೆ ಹೋದವರೇ ಕಡಿಮೆ. ಮೊದಲ ಸಲ ಮುಗಿಯುವಷ್ಟರಲ್ಲೇ ಅವಳ ಮುಖ ನೋಡಿ ಎಷ್ಟೋ ಜನ ಕಟ್ಟನ್ನು ಜೇಬಿಗೆ ಹಾಕಿಕೊಂಡು, "ಇನ್ನೊಂದ್ಸಲ ಬರ್ತೀನಿ" ಅಂದವರು ಮತ್ತೆ ಬಂದಿಲ್ಲ.

ಅವಳ ಕಣ್ಣು ತಪ್ಪಿಸಿದ ಕಟ್ಟು ಒಂದೂ ಇರಲಿಲ್ಲ. ಹಾಗಂತ ಅವಳು ಹಿಡಿದದ್ದನ್ನೆಲ್ಲ ಯಜಮಾನರು ತಿರಸ್ಕರಿಸುತ್ತಿರಲಿಲ್ಲ. ತಪ್ಪು ತಿದ್ದಿಸುವರು, ಅಗ್ಗದ ಸಾಲಿಗೆ ಸೇರಿಸುವರು, ಮಕ್ಕಳ ಆಟಕ್ಕೆ ಸಾಕು ಅನ್ನುವರು. ಆದರೆ ಗಾಜಿನ ಮೇಜಿನ ಮೇಲಿನ ಸಾಲಿನಲ್ಲಿ, ಜರಡಿ ದಾಟಿದ ಕಟ್ಟಿಗೆಂದು ಮೀಸಲಿಟ್ಟ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ಅವರ ಕನ್ನಡಕದ ಡಬ್ಬಿ ಇರುತ್ತಿತ್ತು.

ಈಗ ಅವಳ ತಮ್ಮನ ಕಥೆಗೆ ಬರೋಣ.

ತಮ್ಮನಿಗೆ ಇಸ್ಪೀಟಿನ ಹುಚ್ಚು ಹಿಡಿದಾಗ ಅವನಿಗೆ ಮೀಸೆಯೂ ಬಂದಿರಲಿಲ್ಲ. ಮೊದಲ ಪ್ರೇಕ್ಷಕಿ ಅಕ್ಕನೇ. ಅವಳು ಪಾತ್ರೆ ತೊಳೆಯುತ್ತಿರಲಿ, ಕಾಜ ಹೊಲಿಯುತ್ತಿರಲಿ, ಎದುರಿಗೆ ಬಂದು ಕೂರುವನು. "ಅಕ್ಕಾ, ಒಂದು ಎಲೆ ತಗೋ." ಅವಳು ತೆಗೆದುಕೊಳ್ಳುವಳು. ಅವನು ಊದುವನು, ಚಿಟಿಕೆ ಹೊಡೆಯುವನು, ಕಣ್ಣು ಅರಳಿಸುವನು. "ಎಲ್ಲಿ ಹೋಯ್ತು ಹೇಳು ನೋಡೋಣ?" "ನಿನ್ನ ತೊಡೆ ಕೆಳಗೆ. ಏಳೋ ಮೇಲೆ." ಅವನು ಏಳುವನು, ಎಲೆ ಅಲ್ಲಿರುವುದು. ಕಾಲು ನೆಲಕ್ಕೆ ಬಡಿದು ಹೋಗುವನು, ಮಾರನೇ ದಿನ ಹೊಸ ಆಟ ಹಿಡಿದುಕೊಂಡು ಬರುವನು. ಹೀಗೆ ಅಕ್ಕನ ಕಣ್ಣಿಗೆ ಸಿಕ್ಕಿ ಸಿಕ್ಕಿಯೇ ಅವನ ಕೈ ಹದವಾಯಿತು. ದೊಡ್ಡವನಾದ ಮೇಲೆ ವೇದಿಕೆ ಹತ್ತಿದ. ಸಾವಿರ ಜನ ಚಪ್ಪಾಳೆ ಹೊಡೆದರೂ ಮನೆಗೆ ಬಂದು ಕೇಳುತ್ತಿದ್ದುದು ಒಂದೇ ಮಾತು. "ಎಷ್ಟು ಸಿಕ್ತು ನಿನ್ನ ಕಣ್ಣಿಗೆ?" ಅವಳು ಹೇಳುವಳು. ಒಂದು ಸಲವಾದರೂ "ಗೊತ್ತಾಗಲಿಲ್ಲ" ಅನ್ನಿಸಬೇಕೆಂಬುದು ಅವನ ಆಸೆಯಾಗಿತ್ತು. ಅದೊಂದು ಈಡೇರಿರಲಿಲ್ಲ.

ಆಮೇಲೆ ಒಂದು ದಿನ ಪೆಟ್ಟಿಗೆಯ ಮುಚ್ಚಳ ಬಿತ್ತು. ಮನುಷ್ಯನನ್ನು ಮಾಯ ಮಾಡುವ ದೊಡ್ಡ ಮರದ ಪೆಟ್ಟಿಗೆ. ತಾಲೀಮು ನಡೆಯುವಾಗ ಕೊಂಡಿ ಕಳಚಿ ಮುಚ್ಚಳ ನೇರ ಅವನ ಬಲಗೈ ಮೇಲೆ. ಮೂಳೆ ಕೂಡಿತು, ಗಾಯ ಮಾಯಿತು, ಆದರೆ ಕಡೆಯ ಎರಡು ಬೆರಳು ಬಾಗುವುದನ್ನೇ ಮರೆತವು. ಉಳಿದವುಗಳಿಗೂ ಹಿಡಿತ ಮೊದಲಿನಂತಿಲ್ಲ. ಇಸ್ಪೀಟು ಹಿಡಿದರೆ ಎಲೆಗಳು ಮಡಿಲಿಗೆ ಸುರಿಯುತ್ತಿದ್ದವು. ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ಅಭ್ಯಾಸವಾಯಿತು, ಊಟಕ್ಕೆ ಕೂತಾಗಲೂ. ಮಾತಾಡಿಸಿದರೆ ಹೂಂ, ಉಹೂಂ. ಅವನ ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡಿ ಮನೆ ತೂಗಿಸುತ್ತಿದ್ದಳು. ಅವಳ ಅಣ್ಣ ತನ್ನ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ ಇದೆ ಬಾ ಎಂದು ಕರೆಯುತ್ತಲೇ ಇದ್ದ. ಅದೇನೂ ಕೀಳು ಕೆಲಸವಲ್ಲ. ಆದರೆ ಆ ಮಾತು ಬಂದಾಗಲೆಲ್ಲ ತಮ್ಮನ ಮುಖ ದೀಪ ಆರಿಸಿದ ಕೋಣೆಯ ಹಾಗೆ ಆಗುತ್ತಿತ್ತು.

ಅಷ್ಟರಲ್ಲಿ ಅಂಗಡಿಯ ಗಾಜಿನ ಮೇಜಿನ ಹಿಂದೆ ನಿಂತು ಗಿರಾಕಿಗಳಿಗೆ ಆಟ ತೋರಿಸುತ್ತಿದ್ದವನು ಸ್ವಂತ ವ್ಯಾಪಾರ ಅಂತ ಹೊರಟುಹೋದ. ಯಜಮಾನರೇ ತಮ್ಮನನ್ನು ಕರೆಸಿದರು. ಮಾತಾಡುವ ಕಲೆ ಅವನಿಗೆ ಬರುತ್ತದೆ, ಸಾಮಾನು ಗೊತ್ತಿದೆ. "ಆದ್ರೆ ಕೈ..." ಅಂದು ಅವರು ಅರ್ಧಕ್ಕೇ ನುಂಗಿದರು.

ತಮ್ಮ ಆಗ ಹೇಳಿದ: "ಕೈ ಮಾತು ಬಿಡಿ ಯಜಮಾನ್ರೇ. ಕೈ ಇಲ್ಲದೇ ಇದ್ರೂ ಆಗೋ ಕಟ್ಟು ಮಾಡ್ತೀನಿ. ಅಕ್ಕನ ಹತ್ರ ಜರಡಿ ಹಿಡಿಸಿ. ದಾಟಿದ್ರೆ ಕಟ್ಟನ್ನೂ ಇಟ್ಕೊಳ್ಳಿ, ನನ್ನನ್ನೂ ಇಟ್ಕೊಳ್ಳಿ. ಸಿಕ್ಕಿಬಿದ್ರೆ ನನ್ನ ಆಟದ ಸಾಮಾನು ಪೂರ್ತಿ ನೀವೇ ತಗೊಳ್ಳಿ. ನಾನು ಮೂಟೆ ಎಣಿಸೋಕೆ ಹೋಗ್ತೀನಿ, ಇನ್ನೊಂದ್ಸಲ ಇಸ್ಪೀಟು ಮುಟ್ಟಲ್ಲ."

ಒಳಕೋಣೆಯಲ್ಲಿ ಮಿಷಿನ್ನು ನಿಂತುಹೋಗಿತ್ತು.

ಪರೀಕ್ಷೆಯ ಹಿಂದಿನ ದಿನ ಸಂಜೆ ತಮ್ಮನ ಹೆಂಡತಿ ಜರಡಿಯಕ್ಕನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಮಾತು ಶುರು.

"ಅತ್ತಿಗೆ, ನೀವು ನನ್ನ ಮೇಲೆ ಸಿಟ್ಟಾದ್ರೂ ಪರವಾಗಿಲ್ಲ."

"ಮೊದಲು ಒಳಗೆ ಬಾರೇ. ಸಿಟ್ಟು ಆಮೇಲೆ ಆಗ್ತೀನಿ."

"ನಾಳೆ ನಿಮಗೆ ಗೊತ್ತಾದ್ರೂ ಗೊತ್ತಾಗ್ಲಿಲ್ಲ ಅಂದ್ಬಿಡಿ. ಒಂದು ಮಾತು. ಯಾರಿಗೆ ನಷ್ಟ?"

"ಅವನು ಮನೇಲಿ ನಿನಗೆ ತೋರಿಸಿಲ್ವಾ?"

"ತೋರಿಸಿದ್ರು. ನಂಗೇನು ತಿಳಿಯತ್ತೆ? ನಾನು ನೆಗಡಿ ಔಷಧಿ ಯಾವುದು, ಕೆಮ್ಮಿನದು ಯಾವುದು ಅಂತಲೇ ಗೊಂದಲ ಮಾಡ್ಕೊಳ್ಳೋಳು." ಅವಳು ಸೆರಗಿನ ತುದಿ ಸುತ್ತುತ್ತಾ ಕೂತಳು. "ಆದ್ರೆ ಅತ್ತಿಗೆ, ಈಗೀಗ ಕೈ ಜೇಬಿಂದ ಹೊರಗೆ ಬಂದಿದೆ. ಅಡುಗೆಮನೆ ಮೇಜಿನ ಮೇಲೆ ಎಲೆ ಹರಡ್ಕೊಂಡು ಸಿಳ್ಳೆ ಹಾಕ್ತಾರೆ. ಆ ಸಿಳ್ಳೆ ಕೇಳಿ ಎಷ್ಟು ಕಾಲ ಆಗಿತ್ತು! ನಾಳೆ ಅದು ನಿಂತುಹೋದ್ರೆ ನಾನು ಏನ್ಮಾಡ್ಲಿ?"

ಜರಡಿಯಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವುದಿಲ್ಲ ಎಂದರೆ ದೊಡ್ಡ ಸತ್ಯವಂತೆ ಅಂತಲ್ಲ, ಆ ವಿದ್ಯೆಯೇ ಅವಳಿಗೆ ಒಲಿದಿಲ್ಲ. ಸುಳ್ಳು ಹೊರಟರೆ ಧ್ವನಿ ಕೀರಲಾಗುತ್ತದೆ, ಕುತ್ತಿಗೆ ಕೆಂಪೇರುತ್ತದೆ. ಅದನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕಂಡುಹಿಡಿಯುವವನು ಆ ತಮ್ಮನೇ. ಅವನು ಆಗಲೇ ಎಚ್ಚರಿಕೆ ಕೊಟ್ಟುಬಿಟ್ಟಿದ್ದ: "ಅಕ್ಕಾ, ಅಯ್ಯೋ ಪಾಪ ಅಂತ ಬಿಟ್ಟುಕೊಟ್ಟೆ ಅಂತ ನನಗೆ ಗೊತ್ತಾದ್ರೆ, ನಿನ್ನ ಮನೆ ಹೊಸ್ತಿಲು ತುಳಿಯಲ್ಲ ನಾನು."

ಹೀಗೆ ಹೇಳಿದರೆ ಹಾಗೆ, ಹಾಗೆ ಹೇಳಿದರೆ ಹೀಗೆ. ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು. ಅವಳ ಗಂಡ ಒಂದು ತುತ್ತು ಬಾಯಿಗಿಟ್ಟು, ನೀರಿನ ಲೋಟ ಎತ್ತಿ, "ಇವತ್ತು ಅಂಗಡೀಲಿ ಉಪ್ಪು ಹೆಚ್ಚು ಮಾಡೋ ಜಾದೂ ಬಂತೇನೇ?" ಎಂದ. ಅವಳು ನಗಲಿಲ್ಲ. ಅವನು ಸುಮ್ಮನೆ ಇನ್ನಷ್ಟು ಅನ್ನ ಬಡಿಸಿಕೊಂಡ. ಮಾತು ಕಡಿಮೆಯ ಮನುಷ್ಯ, ಏಳುವಾಗ ಅಷ್ಟೇ ಹೇಳಿದ: "ಕಂಡಿದ್ದನ್ನ ಹೇಳು. ಕಾಣದೇ ಇದ್ದಿದ್ದನ್ನ ಹೇಳಬೇಡ. ಆಮೇಲೆ ನೋಡ್ಕೊಳ್ಳೋಣ."

ಮಾರನೆಯ ಬೆಳಗ್ಗೆ ಅಂಗಡಿಯ ಶಟರ್ ಬಾಗಿಲನ್ನು ಅರ್ಧ ಕೆಳಗೆಳೆದಿದ್ದರು, ಗಿರಾಕಿಗಳು ನುಗ್ಗದಿರಲಿ ಎಂದು. ಕಿಟಕಿಯಿಂದ ಬಿಸಿಲು ಗಾಜಿನ ಮೇಜಿನ ಮೇಲೆ ಬಿದ್ದಿತ್ತು. ಒಳಗೆ ಉಂಗುರ, ಹಗ್ಗ, ರೇಷ್ಮೆ ಕರವಸ್ತ್ರ, ತಳವಿಲ್ಲದ ಡಬ್ಬಿಗಳು ಎಲ್ಲ ತಮ್ಮ ಪಾಡಿಗೆ ಮಿನುಗುತ್ತಿದ್ದವು. ತಮ್ಮ ತನ್ನ ಹಳೆಯ ಕಪ್ಪು ಕೋಟು ತೊಟ್ಟು ಬಂದಿದ್ದ. ಅದರ ಒಳಜೇಬುಗಳನ್ನೆಲ್ಲ ಹೊಲಿದವಳು ಅವಳೇ. ಅವುಗಳ ಬಾಯಿಗೆ ಉದ್ದುದ್ದ ಹೊಲಿಗೆ ಹಾಕಿ ಮುಚ್ಚಿಕೊಂಡು ಬಂದಿದ್ದ. ಎಡಗೈಯಲ್ಲಿ ಹಾಕಿದ ಸೊಟ್ಟ ಹೊಲಿಗೆ.

ಯಜಮಾನರು ಕಟ್ಟನ್ನು ಕೈಗೆ ತೆಗೆದುಕೊಂಡು ಪದ್ಧತಿಯ ಪ್ರಕಾರ ಪರೀಕ್ಷಿಸಿದರು. ಅಂಚನ್ನು ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ಫರ್ರನೆ ಬಿಟ್ಟರು, ಮೂಗಿಗೂ ಹಿಡಿದರು. "ಉದ್ದ ಗಿಡ್ಡ ಎಲೆ ಇಲ್ಲ. ಗುರುತು ಇಲ್ಲ. ಜಾರು ಎಲ್ಲ ಒಂದೇ ಥರ. ಇದೇನಪ್ಪ, ಸಾಮಾನ್ಯ ಕಟ್ಟು ತಂದಿದ್ದೀಯಾ?"

"ನೋಡೋಣ ಯಜಮಾನ್ರೇ," ಅಂದ ತಮ್ಮ.

"ಜರಡಿ ಹಿಡಿಯಮ್ಮಾ!"

ಅವಳು ಸ್ಟೂಲಿನ ಮೇಲೆ ಕೂತಳು. ಮೊದಲ ಸಲ. ಅವನು ಎಡಗೈಯಿಂದ ಎಲೆಗಳನ್ನು ಮೇಜಿನ ಮೇಲೆ ಬಿಲ್ಲಿನ ಹಾಗೆ ಹರಡಿದ. ಬಲಗೈ ಮೇಜಿನ ಅಂಚಿನ ಮೇಲೆ ಸುಮ್ಮನೆ ಮಲಗಿತ್ತು. "ಒಂದು ತಗೋ." ಅವಳು ತೆಗೆದುಕೊಂಡಳು: ಆಟೀನ್ ರಾಣಿ. ಅವನು ಎಡಗೈಯಿಂದಲೇ ಕಟ್ಟನ್ನು ಒಟ್ಟುಗೂಡಿಸಿ ಮೇಜಿನ ಮೇಲಿಟ್ಟ. "ಎಲ್ಲಾದ್ರೂ ಎತ್ತು." ಅವಳು ಮೇಲಿನ ಪಾಲನ್ನು ಎತ್ತಿದಳು. "ನಿನ್ನ ಎಲೆ ಅಲ್ಲಿಡು. ಮುಚ್ಚು. ಮಟ್ಟ ಮಾಡು." ಮಾಡಿದಳು. "ಈಗ ಇನ್ನೊಂದ್ಸಲ ಎತ್ತು. ಮನಸ್ಸು ಬಂದ ಕಡೆ." ಎತ್ತಿದಳು. "ಕೆಳಗಿನ ಪಾಲಿನ ಮೇಲಿರೋದನ್ನ ತಿರುಗಿಸು."

ಆಟೀನ್ ರಾಣಿ ಅವಳನ್ನೇ ನೋಡುತ್ತಿದ್ದಳು.

ಇಷ್ಟು ಹೊತ್ತೂ ಜರಡಿಯಕ್ಕನ ಕಣ್ಣು ತಮ್ಮನ ಮೊಣಕೈಗಳ ಮೇಲೆ. ಎಡದಲ್ಲಿ ಏನೂ ಇಲ್ಲ. ಬಲದಲ್ಲಿ ಏನೂ ಇಲ್ಲ. ನಿಜವಾಗಿಯೂ ಏನೂ ಕಾಣಲಿಲ್ಲವೇ, ಅಥವಾ ಕಾಣಬಾರದು ಅಂತ ನಾನೇ ನನ್ನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೆನೇ? ನಿನ್ನೆಯ ಆ ಮಾತು, ಆ ಸಿಳ್ಳೆ, ಎಲ್ಲ ಸೇರಿ ನನ್ನ ಕಣ್ಣು ಕೆಡಿಸಿತೇ? ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು.

"ಎರಡನೇ ಸಲ," ಎಂದರು ಯಜಮಾನರು.

ಈ ಸಲ ಅವಳು ಹಟ ಹಿಡಿದು ನೋಡಿದಳು. ರೆಪ್ಪೆ ಬಡಿಯಲಿಲ್ಲ. ಹರಡಿದ. ಅವಳು ತೆಗೆದಳು. ಒಟ್ಟು ಮಾಡಿದ. ಅವಳು ಎತ್ತಿದಳು. ಎಲೆ ಒಳಗಿಡುವ ಹೊತ್ತಿಗೆ ಸರಿಯಾಗಿ, ಆಹಾ, ಬಲ ತೋಳು ಎಳೆಯಿತು! ಮೊಣಕೈಯ ಒಳಬದಿಯಲ್ಲಿ ಒಂದು ಸುಕ್ಕು ಹುಟ್ಟಿತು, ಬಟ್ಟೆ ಹಿಂದಕ್ಕೆ ಜಗ್ಗಿತು, ತಕ್ಷಣ ಸಡಿಲವಾಯಿತು. ಸಾವಿರ ಸಲ ಕಂಡ ಸುಕ್ಕು. ಎಲೆ ತೋಳಿನೊಳಗೆ ಹೋದಾಗ ಹುಟ್ಟುವ ಸುಕ್ಕೇ ಅದು.

"ನಿಲ್ಸು," ಎಂದಳು. ಬಾಯಿಂದ ಮಾತು ಬಿದ್ದುಹೋಗಿತ್ತು.

ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ. ಯಜಮಾನರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಇನ್ನೂ ಕಾಲ ಮಿಂಚಿರಲಿಲ್ಲ. ನೊಣ ಕೂತಿತ್ತು ಅನ್ನಬಹುದು, ಕೆಮ್ಮು ಬಂತು ಅನ್ನಬಹುದು. ಅವಳ ಕಣ್ಣ ಮುಂದೆ ಗೋದಾಮು, ಮೂಟೆ, ಜೇಬಿನೊಳಗಿನ ಕೈ ಎಲ್ಲ ಹಾದುಹೋಯಿತು. ಈಗ ಒಂದು ಸುಳ್ಳು ಹೇಳಿದರೆ ಇವನು ಮುಂದೆ ನಿಂತು ತೋರಿಸುವ ಪ್ರತಿಯೊಂದು ಆಟದಲ್ಲೂ ಆ ಸುಳ್ಳು ಇರುತ್ತದೆ. ಇವತ್ತು ನನ್ನ ಕಣ್ಣಿಗೆ ಬಿದ್ದದ್ದು ನಾಳೆ ಯಾವುದೋ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಆಗ ಆ ಗಿರಾಕಿ ಎಲ್ಲರ ಮುಂದೆ ಹಲ್ಲು ಬಿಟ್ಟು ನಗುತ್ತಾನೆ.

"ಬಲ ತೋಳು," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಧ್ವನಿ ಕೀರಲಾಗಲಿಲ್ಲ. "ನಾನು ಎಲೆ ಇಡುವಾಗ ಬಲ ಮೊಣಕೈ ಎಳೀತು ಕಣೋ. ತೋಳೊಳಗೆ ಎಲೆ ಹೋಗಿದೆ. ನನ್ನ ಕ್ಷಮಿಸಿಬಿಡು."

ತಮ್ಮನ ಮುಖ ಸಣ್ಣದಾಗುತ್ತದೆ ಎಂದು ಅವಳು ಕಾದಳು. ಸಣ್ಣದಾಗಲಿಲ್ಲ. ಅವನು ಬೆಪ್ಪಾಗಿ ತನ್ನ ತೋಳನ್ನೊಮ್ಮೆ ನೋಡಿದ, ಅಕ್ಕನನ್ನೊಮ್ಮೆ ನೋಡಿದ, ಮತ್ತೆ ತೋಳನ್ನು ನೋಡಿದ. ಆಮೇಲೆ ಅವನ ಹೊಟ್ಟೆಯ ಆಳದಿಂದ ಒಂದು ನಗು ಹೊರಟಿತು ನೋಡಿ! ಮೇಜು ಹಿಡಿದುಕೊಂಡು ನಕ್ಕ. ಕಣ್ಣೀರು ಬರುವ ಹಾಗೆ ನಕ್ಕ.

"ಏನೋ ಅದು? ಹುಚ್ಚುಗಿಚ್ಚು ಹಿಡೀತಾ?"

ಅವನು ಕೋಟು ಕಳಚಿ ಅವಳ ಮಡಿಲಿಗೆ ಎಸೆದ. "ನೋಡು. ಯಜಮಾನ್ರೇ, ನೀವೂ ನೋಡಿ."

ಅವಳ ಕೈಗೆ ಆ ಕೋಟಿನ ನೂಲು ನೂಲೂ ಗೊತ್ತು. ತೋಳನ್ನು ಒಳಹೊರಗು ಮಾಡಿದಳು, ಅಸ್ತರು ಹಿಂಡಿದಳು, ಕಂಕುಳವರೆಗೂ ಬೆರಳು ಆಡಿಸಿದಳು. ಒಂದು ಎಲೆಯೂ ಇಲ್ಲ, ಎಲೆಯ ಚೂರೂ ಇಲ್ಲ. ಯಜಮಾನರು ಅಂಗಿಯ ತೋಳನ್ನೂ ಮಡಿಸಿ ನೋಡಿದರು. ಬರೀ ಕೈ. ಹಳೆಯ ಗಾಯದ ಗೆರೆಯ ಹೊರತು ಬೇರೇನಿಲ್ಲ.

"ಮತ್ತೆ ಎಳೀತಲ್ಲೋ! ನಾನು ಕಂಡೆ!"

"ಎಳೀತು ಅಕ್ಕಾ, ಎಳೀತು. ನಿನ್ನ ಕಣ್ಣು ಸುಳ್ಳಲ್ಲ." ಅವನು ಸೆಟೆದ ಬೆರಳುಗಳನ್ನು ಎತ್ತಿ ತೋರಿಸಿದ. "ಈ ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಎಲೆ ವಾಪಸ್ ಹೋಗೋ ಹೊತ್ತಿಗೆ ಹಳೇ ಚಟ, ತಾನೂ ಕೆಲ್ಸ ಮಾಡ್ತೀನಿ ಅಂತ ಓಡಿಬರತ್ತೆ. ಏ ಸುಮ್ನಿರೋ, ಇಲ್ಲಿ ನಿನಗೇನೂ ಕೆಲ್ಸ ಇಲ್ಲ ಅಂತ ನಾನು ಹಿಂದಕ್ಕೆ ಎಳ್ಕೋತೀನಿ. ಅಷ್ಟೇ ಅದು. ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ."

ಜರಡಿಯಕ್ಕ ಕೋಟು ತಬ್ಬಿಕೊಂಡು ಕೂತುಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಕೋಟಿನ ತೋಳು ಅವಳಿಗೆ ಮೋಸ ಮಾಡಿತ್ತು. ಅವಮಾನ ಆಗಬೇಕಿತ್ತು. ಬದಲಿಗೆ ಎದೆಯ ಮೇಲೆ ಹೇರಿದ್ದ ಬಂಡೆ ಉರುಳಿ ಎಲ್ಲಿಗೋ ಹೋದಂತಾಗಿ, ಕಾಲಿನ ಬೆರಳವರೆಗೂ ಉಸಿರು ಓಡಾಡಿತು.

"ಇನ್ನೂ ಮುಗಿದಿಲ್ಲ," ಎಂದರು ಯಜಮಾನರು. ಅವರು ವ್ಯಾಪಾರಸ್ಥರು, ಕನಿಕರ ಒಂದು ಕಡೆ, ಮೇಜಿನ ಮೇಲಿನ ಸಾಲು ಇನ್ನೊಂದು ಕಡೆ. "ತೋಳು ಅಲ್ಲ ಸರಿ. ಹಾಗಾದ್ರೆ ಏನು? ಮೂರನೇ ಸಲ."

ಮೂರನೇ ಸಲಕ್ಕೆ ತಮ್ಮ ಎದ್ದು ಹೋಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ಕೋಟು ಅಕ್ಕನ ಮಡಿಲಲ್ಲೇ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. "ಕಟ್ಟು ನಿನ್ನ ಹತ್ರಾನೇ ಇರ್ಲಿ. ನಾನು ಇಲ್ಲಿಂದ ಅಲ್ಲಾಡಲ್ಲ. ನೀನೇ ತೆಗೆ, ನೀನೇ ಇಡು, ನೀನೇ ಎತ್ತು."

ಅವಳು ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಟ್ಟೆಯ ನೇಯ್ಗೆ ನೋಡುವ ಹಾಗೆ ಅಂಚಿನ ಮೇಲೆ ಉಗುರು ಎಳೆದಳು. ಎಲ್ಲೂ ಸಂದಿಲ್ಲ. ತೆಗೆದಳು: ಕಳಾವರ್ ಗುಲಾಮ. ಕಟ್ಟನ್ನು ಎತ್ತಿ ನಡುವೆ ಇಟ್ಟಳು. ಮುಚ್ಚಿದಳು. ತಮ್ಮನ ಕಡೆ ಕಳ್ಳನೋಟ ಬೀರಿದಳು. ಅವನು ಸೂರು ನೋಡುತ್ತಿದ್ದ. ಮೇಜಿಗೆ ಕುಟ್ಟಿ ಮಟ್ಟ ಮಾಡಿದಳು. ಅಷ್ಟು ಸಾಲದೆಂದು ಕಟ್ಟನ್ನು ಅದರ ಡಬ್ಬಿಯೊಳಗೆ ತುರುಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮತ್ತೆ ಹೊರತೆಗೆದಳು. ಎತ್ತಿದಳು. ಕೆಳಗಿನ ಪಾಲಿನ ಮೇಲಿನ ಎಲೆ ತಿರುಗಿಸಿದಳು.

ಕಳಾವರ್ ಗುಲಾಮ.

ಈಗ ನೋಡಲು ಯಾವ ಮೊಣಕೈಯೂ ಇರಲಿಲ್ಲ, ಅವಳದೇ ಎರಡನ್ನು ಬಿಟ್ಟರೆ. ತನ್ನ ಮೊಣಕೈಯನ್ನು ತಾನೇ ಕಾಯಲು ಯಾರಿಂದಾದೀತು?

"ಗೊತ್ತಾಗ್ಲಿಲ್ಲ," ಎಂದಳು.

ಬಾಗಿಲ ಹತ್ತಿರದ ಕುರ್ಚಿ ಕಿರುಗುಟ್ಟಿತು. "ಏನಂದೆ?"

"ಗೊತ್ತಾಗ್ಲಿಲ್ಲ ಅಂದೆ! ಕಿವಿ ಕೇಳ್ಸಲ್ವಾ? ಇನ್ನೆಷ್ಟು ಸಲ ಹೇಳಿಸ್ಬೇಕು ಅಂತಿದ್ದೀಯ?"

"ಇನ್ನೊಂದು ಸಲ ಅಕ್ಕಾ, ದಮ್ಮಯ್ಯ."

"ಗೊತ್ತಾಗ್ಲಿಲ್ಲ ಕಣೋ ಕಳ್ಳಾ!"

ಅವನು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಸೆಟೆದ ಬೆರಳುಗಳು ಹಣೆಯ ಮೇಲೆ ಹೊರಗೆ ನಿಂತವು. ಅವಳು ಎದ್ದು ಹೋಗಿ ಪಕ್ಕದಲ್ಲಿ ನಿಂತಳು.

ಸ್ವಲ್ಪ ಹೊತ್ತಿಗೆ ಅವನೇ ತಲೆಯೆತ್ತಿ ಯಜಮಾನರ ಕಡೆ ತಿರುಗಿದ. "ನಿಮಗೆ ಅನುಮಾನ ಇದ್ರೆ ಹೇಳಿ. ಅಕ್ಕ ಅಲ್ವಾ, ಬಿಟ್ಟುಕೊಟ್ಟಿರಬಹುದು ಅಂತ."

ಯಜಮಾನರು ಕನ್ನಡಕ ಒರೆಸುತ್ತಿದ್ದರು. "ಬಿಟ್ಟುಕೊಡೋಳು ಎರಡನೇ ಸಲ ನಿನ್ನ ತೋಳು ಹಿಡೀತಿರಲಿಲ್ಲಪ್ಪ. ನಿನ್ನ ಅನ್ನಕ್ಕೇ ಕೈ ಹಾಕಿದ್ಲು, ನನ್ನ ಕಣ್ಣ ಮುಂದೆ. ನಂಗಿನ್ಯಾವ ಸಾಕ್ಷಿ ಬೇಕು?" ಅವರು ಗಾಜಿನ ಮೇಲಿನ ಸಾಲಿನಿಂದ ಕನ್ನಡಕದ ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡು, ಆ ಜಾಗವನ್ನು ಅಂಗೈಯಿಂದ ಉಜ್ಜಿದರು. "ಆದ್ರೆ ಪದ್ಧತಿ ಪದ್ಧತೀನೇ. ದಾಟಿದ ಮೇಲೆ ಗುಟ್ಟು ಬಿಚ್ಚಬೇಕು."

ತಮ್ಮ ಬಂದು ಎಲೆಗಳ ನಡುವಿಂದ ಒಂದನ್ನು ಆರಿಸಿ ಅಕ್ಕನ ಅಂಗೈ ಮೇಲಿಟ್ಟ. ನೋಡಲು ಎಲ್ಲದರಂಥದೇ ಎಲೆ. "ಕಣ್ಣು ಮುಚ್ಚಿ ಮುಟ್ಟು." ಅವಳು ಮುಟ್ಟಿದಳು. ನಡುಭಾಗ ಸ್ವಲ್ಪ, ತೀರಾ ಸ್ವಲ್ಪ ಉಬ್ಬಿತ್ತು, ಎಲೆ ಉಸಿರು ಬಿಗಿಹಿಡಿದುಕೊಂಡ ಹಾಗೆ.

ಉಬ್ಬಿಸಿದ ಎಲೆಯ ಉಪಾಯ ಹೊಸದೇನಲ್ಲ. ಕಟ್ಟಿನಲ್ಲಿ ಅಂಥದ್ದೊಂದು ಇದ್ದರೆ ಯಾರ ಕೈ ಎಷ್ಟು ಸಲ ಎತ್ತಿದರೂ ಕಟ್ಟು ಅಲ್ಲಿಗೇ ಬಾಯಿ ಬಿಡುತ್ತದೆ, ಅಲ್ಲಿಟ್ಟ ಎಲೆ ಮತ್ತೆ ಅಲ್ಲೇ ಸಿಗುತ್ತದೆ; ಎತ್ತಿದವರು ಮಾತ್ರ ತಮ್ಮ ಮನಸ್ಸಿಗೆ ಬಂದ ಕಡೆ ಎತ್ತಿದೆವು ಅಂದುಕೊಳ್ಳುತ್ತಾರೆ. ಹಳೆಯ ಕಟ್ಟುಗಳಲ್ಲಿ ಬಾಗು ಅಂಚಿನವರೆಗೂ ಬಂದು, ಪಕ್ಕದಿಂದ ನೋಡಿದರೆ ಸಂದು ಕಾಣುತ್ತಿತ್ತು. ಇವನು ಅಂಚನ್ನು ಮುಟ್ಟದೆ ಎಲೆಯ ಹೊಟ್ಟೆಯನ್ನು ಮಾತ್ರ ಉಬ್ಬಿಸಿದ್ದ. ಎಡಗೈಯ ಹೆಬ್ಬೆರಳಿನಿಂದ ಒತ್ತಿ, ಒತ್ತಿ, ಕೆಡಿಸಿ, ಬಿಸಾಕಿ, ಮತ್ತೆ ಒತ್ತಿ. ಅಡುಗೆಮನೆ ಮೇಜಿನ ಮೇಲೆ ಅವನು ಕೂತು ಮಾಡುತ್ತಿದ್ದುದು ಅದನ್ನೇ.

"ಹಾಗಾದ್ರೆ ಇಷ್ಟು ಹೊತ್ತೂ ನಾನೇ..." ಅವಳ ಮಾತು ಅಲ್ಲೇ ನಿಂತಿತು.

"ನೀನೇ. ನಿನ್ನ ಎಲೆ ಕಳ್ಕೊಂಡೋಳೂ ನೀನೇ, ಹುಡುಕಿದೋಳೂ ನೀನೇ. ನಾನು ಬರೀ ಬಾಯಲ್ಲಿ ಹೇಳ್ತಾ ಇದ್ದೆ."

ಅವಳು ಅವನ ಬೆನ್ನಿಗೆ ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಆಮೇಲೆ ಒಳಕೋಣೆಗೆ ಹೋಗಿ ತಮ್ಮನ ಹೆಂಡತಿಗೆ ಫೋನು ಮಾಡಿದಳು. ಮೊದಲ ರಿಂಗಿಗೇ ಅವಳು ಎತ್ತಿದಳು.

"ಏನಾಯ್ತು ಅತ್ತಿಗೆ? ಹೇಳಿ, ಏನಾಯ್ತು?"

"ದಾಟ್ತು ಕಣೇ."

ಆ ಕಡೆಯಿಂದ ಪಿಸುಮಾತು: "ಸುಳ್ಳು ಹೇಳಿದ್ರಾ?"

"ಇಲ್ಲ. ನಿಜ ಹೇಳೋಕೆ ಹೋಗಿ ತಪ್ಪು ಹೇಳಿದೆ. ಆಮೇಲೆ ಸೋತೆ."

"ನನಗೇನೂ ಅರ್ಥ ಆಗ್ಲಿಲ್ಲ."

"ಆಗೋದು ಬೇಡ. ಮನೆಗೆ ಬಂದ್ಮೇಲೆ ನೀನು ಬೇಡ ಬೇಡ ಅಂದ್ರೂ ಅವನೇ ಹೇಳ್ತಾನೆ. ಇನ್ನು ಈ ಜನ್ಮಪೂರ್ತಿ ಹೇಳ್ತಾನೆ, ಕೇಳಿಸ್ಕೋ." ಆ ಕಡೆಯಿಂದ ಅಳುವೋ ನಗುವೋ ಗೊತ್ತಾಗದ ಸದ್ದು ಬಂತು. ಯಾರೋ ಕಚೇರಿಯವರು ಏನಾಯಿತೆಂದು ವಿಚಾರಿಸುತ್ತಿದ್ದರು. ಜರಡಿಯಕ್ಕ ಅದು ಮುಗಿಯುವವರೆಗೂ ಫೋನು ಕಿವಿಗೇ ಹಿಡಿದು ನಿಂತಳು.

ಹೊರಗೆ ಯಜಮಾನರು ಬಾಗಿಲನ್ನು ಪೂರ್ತಿ ಮೇಲೆತ್ತಿದರು. ಬಿಸಿಲಿನ ಜೊತೆಗೇ ಒಬ್ಬ ಗಿರಾಕಿ ಒಳಬಂದ. ದಪ್ಪ ಬ್ಯಾಗು ತೂಗಿಹಾಕಿಕೊಂಡ, ಸಂಶಯದ ಮುಖದ ಮನುಷ್ಯ. ಏನಾದರೂ ಹೊಸದು ಬಂದಿದೆಯೇ ಎಂದು ಕೇಳಿದ. ಯಜಮಾನರು ಕಣ್ಸನ್ನೆ ಮಾಡಿದರು. ತಮ್ಮ ಇನ್ನೂ ಅಂಗಿಯಲ್ಲೇ ಇದ್ದ, ತೋಳುಗಳನ್ನು ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಮೇಜಿನ ಹಿಂದೆ ಹೋಗಿ ನಿಂತ. ಬಲಗೈಯನ್ನು ಗಾಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟ.

"ಕೈಗೆ ಏನಾಗಿದೆ?" ಗಿರಾಕಿ ಕೇಳಿಯೇಬಿಟ್ಟ.

"ಅದು ರಜದಲ್ಲಿದೆ ಸಾರ್. ಕೆಲ್ಸ ಎಲ್ಲ ನೀವೇ ಮಾಡ್ಬೇಕು. ಎಲ್ಲಿ, ಒಂದು ಎಲೆ ತಗೊಳ್ಳಿ."

ಜರಡಿಯಕ್ಕ ಪರದೆಯ ಸಂದಿಯಿಂದ ನೋಡಿದಳು. ತಮ್ಮನ ತೋಳನ್ನಲ್ಲ, ಗಿರಾಕಿಯ ಮುಖವನ್ನು. ಆ ಮನುಷ್ಯ ಎತ್ತಿದ, ಇಟ್ಟ, ಮುಚ್ಚಿದ. ಯಾರನ್ನೂ ನಂಬದವನ ಹಾಗೆ ಕಟ್ಟನ್ನು ಮೂಗಿನ ಹತ್ತಿರ ತಂದು ನೋಡಿದ. ಮತ್ತೆ ಎತ್ತಿದ. ತಿರುಗಿಸಿದ. ಅವನ ಹುಬ್ಬುಗಳು ಮೇಲೆ ಹೋದವು, ಬಾಯಿ ತೆರೆದುಕೊಂಡಿತು. "ಅರೆ!" ಎಂದ.

"ಇನ್ನೊಂದ್ಸಲ ಮಾಡ್ತೀರಾ ಸಾರ್?" ತಮ್ಮ ಕೇಳುತ್ತಿದ್ದ.

ಅವಳು ಪರದೆ ಬಿಟ್ಟು, ಮಿಷಿನ್ನಿನ ಮುಂದೆ ಕೂತು, ಬೆಳಗ್ಗೆಯಿಂದ ಅರ್ಧಕ್ಕೆ ನಿಂತಿದ್ದ ಜೇಬನ್ನು ಸೂಜಿಯ ಕೆಳಗೆ ಸರಿಸಿದಳು. ಆಗ ಅವಳಿಗೆ ವಿಪರೀತ ಹಸಿವಾಗಿದೆ ಎಂದು ನೆನಪಾಯಿತು. ಊಟದ ಡಬ್ಬಿಯಲ್ಲಿ ನಿನ್ನೆಯ ಉಪ್ಪು ಹೆಚ್ಚಾದ ಸಾರನ್ನವೇ ಇತ್ತು. ಅದನ್ನೇ ತೆಗೆದು, ಚಪ್ಪರಿಸಿಕೊಂಡು ತಿಂದಳು.